ಬ್ಯಾಂಡ್ ಬಿಟ್ಟು ಒಬ್ಬನೇ ಹಾಡಲು ಹೊರಟಾಗ: ನನ್ನ ಸೋಲೋ ಆಲ್ಬಮ್‌ನ ಕಾಗದಪತ್ರಗಳ ಅನುಭವ

ನನ್ನ ಮೊದಲ ಸೋಲೋ ಆಲ್ಬಮ್ ಕಳೆದ ತಿಂಗಳು ಬಿಡುಗಡೆಯಾಯಿತು. ಹಾಡುಗಳನ್ನು ಬರೆದು ಧ್ವನಿಮುದ್ರಿಸಲು ಹಿಡಿದ ಕಾಲಕ್ಕಿಂತ, ಆ ಹಾಡುಗಳಲ್ಲಿ ಯಾವುದು ನನ್ನದು, ಯಾವುದು ಗೆಳೆಯರದು, ಯಾವುದು ನಮ್ಮ ಹಾಡುಗಳನ್ನು ಹೊರತಂದಿದ್ದ ಹಳೆಯ ಲೇಬಲ್ ಕಂಪನಿಯವರದು ಎಂಬುದನ್ನು ಕಾಗದದ ಮೇಲೆ ಇತ್ಯರ್ಥ ಮಾಡಿಕೊಳ್ಳಲು ಹಿಡಿದ ಕಾಲವೇ ಹೆಚ್ಚು. ಬೆಂಗಳೂರಿನಲ್ಲಿ ಕನ್ನಡದ ಗಿಟಾರ್ ಹಾಡುಗಳನ್ನು ಕಟ್ಟುತ್ತಿರುವ, ಬ್ಯಾಂಡಿನಿಂದ ಹೊರಬಂದು ಸ್ವಂತ ಹೆಸರಿನಲ್ಲಿ ಹಾಡಬೇಕೆಂದಿರುವ ಹಲವರು ನನಗೆ ಗೊತ್ತು. ಅವರಿಗೆ ಉಪಯೋಗವಾಗಲಿ ಎಂದು, ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ನಡೆದ ಕ್ರಮದಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ನಾಲ್ವರ ಬ್ಯಾಂಡ್. ನಾವು ನುಡಿಸುತ್ತಿದ್ದುದು ಪವರ್ ಪಾಪ್: ಗಿಟಾರ್‌ನ ಬಿರುಸು, ಡ್ರಮ್ಸ್‌ನ ರಭಸ, ಅವುಗಳ ಮೇಲೆ ಎರಡು ಮೂರು ಕಂಠಗಳು ಸೇರಿ ಹಾಡುವ ಇಂಪಾದ ಮಟ್ಟು, ಒಮ್ಮೆ ಕೇಳಿದರೆ ಬಾಯಲ್ಲಿ ಉಳಿದುಬಿಡುವ ಪಲ್ಲವಿ. ದಿ ಹೂ ತಂಡದ ಪೀಟ್ ಟೌನ್‌ಶೆಂಡ್ 1967ರಲ್ಲಿ ತಮ್ಮ ಸಂಗೀತವನ್ನು ಈ ಹೆಸರಿನಿಂದ ಕರೆದಿದ್ದರು. ಎಪ್ಪತ್ತರ ದಶಕದಲ್ಲಿ ಬ್ಯಾಡ್‌ಫಿಂಗರ್, ಬಿಗ್ ಸ್ಟಾರ್, ರಾಸ್ಪ್‌ಬೆರೀಸ್ ತಂಡಗಳು ಅದಕ್ಕೊಂದು ಖಚಿತ ರೂಪ ಕೊಟ್ಟವು. ಆ ಬಗೆಯ ಹಾಡನ್ನು ಕನ್ನಡದ ಮಾತಿನ ಒತ್ತಿಗೆ ಒಗ್ಗಿಸುವುದು ನಮ್ಮ ಆಸೆಯಾಗಿತ್ತು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಒಂದು ಸಣ್ಣ ಲೇಬಲ್ ನಮ್ಮ ಐದು ಹಾಡುಗಳನ್ನು ಹೊರತಂದಿತ್ತು. ಆಮೇಲೆ ಬೇಸ್ ಗಿಟಾರ್ ನುಡಿಸುತ್ತಿದ್ದವನು ಕೆಲಸಕ್ಕೆಂದು ಜರ್ಮನಿಗೆ ಹೋದ, ಡ್ರಮ್ಸ್‌ನವನು ಮೈಸೂರಿಗೆ ಮರಳಿದ, ಎರಡನೆಯ ಗಿಟಾರ್‌ನವನು ಸಂಗೀತವನ್ನೇ ಬಿಟ್ಟ. ಜಗಳವೇನೂ ಆಗಲಿಲ್ಲ. ಆದರೆ ಅಭ್ಯಾಸಕ್ಕೆ ಯಾರೂ ಬಾರದ ಕೋಣೆಯ ಬಾಡಿಗೆಯನ್ನು ಒಬ್ಬನೇ ಕಟ್ಟುವಾಗ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಒಬ್ಬನೇ ಮುಂದುವರಿಯುವುದು ಎಂದು ನಿರ್ಧರಿಸಿದಾಗ ನನ್ನ ಕಣ್ಣ ಮುಂದಿದ್ದವರು ರಾಸ್ಪ್‌ಬೆರೀಸ್ ತಂಡದ ಎರಿಕ್ ಕಾರ್ಮೆನ್. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಆ ತಂಡದ ‘ಗೋ ಆಲ್ ದ ವೇ’ 1972ರಲ್ಲಿ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಐದನೆಯ ಸ್ಥಾನಕ್ಕೇರಿತ್ತು. 1975ರಲ್ಲಿ ತಂಡ ಒಡೆಯಿತು. ಅದೇ ವರ್ಷ ಕಾರ್ಮೆನ್ ಅರಿಸ್ಟಾ ಲೇಬಲ್‌ನಿಂದ ಸ್ವಂತ ಹೆಸರಿನ ಆಲ್ಬಮ್ ತಂದರು, ಅದರ ‘ಆಲ್ ಬೈ ಮೈಸೆಲ್ಫ್’ 1976ರಲ್ಲಿ ಎರಡನೆಯ ಸ್ಥಾನ ತಲುಪಿತು. ಬ್ಯಾಂಡಿನಿಂದ ಸೋಲೋ ಗಾಯಕನಾಗಿ ಅಷ್ಟು ಬೇಗ ನೆಲೆಯೂರಿದವರು ಕಡಿಮೆ. ಆದರೆ ನನ್ನ ಕೆಲಸಕ್ಕೆ ಬಂದದ್ದು ಆ ಯಶಸ್ಸಲ್ಲ, ಆ ಹಾಡಿನ ಒಳಗಿನ ವ್ಯವಹಾರ. ಅದರ ಚರಣದ ಮಟ್ಟು ರಷ್ಯಾದ ಸಂಗೀತ ಸಂಯೋಜಕ ರಾಖ್ಮನಿನೊವ್ ಅವರ ಎರಡನೆಯ ಪಿಯಾನೊ ಕನ್ಚೆರ್ಟೊದ ಮಧ್ಯಭಾಗದಿಂದ ಬಂದದ್ದು, ಪಲ್ಲವಿ ಕಾರ್ಮೆನ್ ತಾವೇ ರಾಸ್ಪ್‌ಬೆರೀಸ್‌ಗಾಗಿ ಬರೆದಿದ್ದ ‘ಲೆಟ್ಸ್ ಪ್ರಿಟೆಂಡ್’ ಎಂಬ ಹಾಡಿನಿಂದ ಬಂದದ್ದು. ರಾಖ್ಮನಿನೊವ್ 1943ರಲ್ಲೇ ತೀರಿಕೊಂಡಿದ್ದರಿಂದ ಆ ಸಂಗೀತ ಎಲ್ಲರ ಸ್ವತ್ತು ಎಂದು ಕಾರ್ಮೆನ್ ಭಾವಿಸಿದ್ದರು. ಅಮೆರಿಕದಲ್ಲಿ ಅದು ನಿಜ, ಹೊರದೇಶಗಳಲ್ಲಿ ಹಕ್ಕು ಇನ್ನೂ ಜೀವಂತವಾಗಿತ್ತು. ಕೊನೆಗೆ ಹಾಡಿನ ಬಳಕೆಯಿಂದ ಬರುವ ರಾಯಧನದ ಶೇಕಡಾ 12ರಷ್ಟು ರಾಖ್ಮನಿನೊವ್ ವಾರಸುದಾರರಿಗೆ ಸಲ್ಲುವಂತೆ ಒಪ್ಪಂದವಾಯಿತು.

ಈ ಸಂಗತಿ ಓದಿದ ದಿನ ನಾನು ನನ್ನ ಹಾಡುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತೆ. ಎಂಟು ಹಾಡುಗಳಲ್ಲಿ ಒಂದರ ಪಲ್ಲವಿ ಬ್ಯಾಂಡಿನ ಕಾಲದ್ದು. ಇನ್ನೊಂದರ ಎರಡನೆಯ ಚರಣ ಬೇಸ್ ಗೆಳೆಯನದು. ಮತ್ತೊಂದರ ನಡುವೆ ಶಿಶುನಾಳ ಶರೀಫರ ಪದವೊಂದರ ನಾಲ್ಕು ಸಾಲುಗಳಿದ್ದವು. ಈ ಮೂರರ ದಾರಿಯೂ ಬೇರೆ ಬೇರೆಯಾಗಿತ್ತು.

ಪರಿಚಯದವರೊಬ್ಬರು ಹಕ್ಕುಸ್ವಾಮ್ಯದ ವಿಷಯ ಬಲ್ಲ ವಕೀಲರೊಬ್ಬರ ಬಳಿಗೆ ಕಳಿಸಿದರು. ಮೊದಲ ಭೇಟಿಯಲ್ಲೇ ಆ ಮೇಡಂ ನನ್ನ ತಲೆಯಲ್ಲಿದ್ದ ಗೊಂದಲವನ್ನು ಮೂರು ಭಾಗ ಮಾಡಿದರು. ನಾವು ‘ಹಾಡು’ ಎಂದು ಒಂದೇ ಮಾತಿನಲ್ಲಿ ಕರೆಯುವುದರಲ್ಲಿ ಕಾನೂನಿನ ಕಣ್ಣಿಗೆ ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು ಕೃತಿ, ಧ್ವನಿಮುದ್ರಿಕೆ ಮೂರನೆಯದು. ಸಾಹಿತ್ಯ, ಸಂಗೀತಗಳ ಹಕ್ಕು ರಚಿಸಿದವರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಅದರ ಮೊದಲ ಒಡೆಯರು ಹಾಡಿದವರಲ್ಲ, ನುಡಿಸಿದವರೂ ಅಲ್ಲ, ಮುದ್ರಣದ ಹೊಣೆ ಹೊತ್ತು ಮಾಡಿಸಿದ ನಿರ್ಮಾಪಕರು. “ನೀವು ಹಳೇ ರೆಕಾರ್ಡಿಂಗ್ ಮುಟ್ಟಬೇಡಿ, ಹೊಸದಾಗಿ ಹಾಡಿ ಮುದ್ರಿಸಿಕೊಳ್ಳಿ. ಮಿಕ್ಕಿದ್ದು ಯಾರು ಯಾವ ಸಾಲು ಬರೆದರು ಅನ್ನೋದು. ಅದಕ್ಕೆ ಏನಾದ್ರೂ ದಾಖಲೆ ಇದೆಯಾ?” ಎಂದು ಕೇಳಿದರು.

ಇತ್ತು. ಅಭ್ಯಾಸದ ಕೋಣೆಯಲ್ಲಿ ನಮಗೊಂದು ಉದ್ದನೆಯ ರೂಲ್ ಪುಸ್ತಕವಿತ್ತು. ಅದರಲ್ಲಿ ನನ್ನ ಬರಹ ಕಪ್ಪು ಶಾಯಿಯಲ್ಲಿ, ಬೇಸ್ ಗೆಳೆಯನದು ಪೆನ್ಸಿಲ್‌ನಲ್ಲಿ. ಅವನು ಸಾಲಿನ ಮೇಲೆ ಗಿಟಾರ್ ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಹೆಸರನ್ನು ಸಣ್ಣ ಅಕ್ಷರದಲ್ಲಿ ಬರೆದು, ಒತ್ತು ಬೀಳಬೇಕಾದ ಕಡೆ ಅಡ್ಡಗೆರೆ ಎಳೆಯುತ್ತಿದ್ದ. ಎರಡನೆಯ ಚರಣ ಪೂರ್ತಿ ಪೆನ್ಸಿಲ್‌ನಲ್ಲಿತ್ತು, ಕೊನೆಯ ಸಾಲನ್ನು ಮಾತ್ರ ನಾನು ಹೊಡೆದುಹಾಕಿ ಬೇರೆ ಬರೆದಿದ್ದೆ. ಪುಟದ ಮೂಲೆಯಲ್ಲಿ ತಾರೀಖೂ ಇತ್ತು. ಮೊಬೈಲಿನಲ್ಲಿ ಮಟ್ಟು ಗುನುಗಿ ಇಟ್ಟುಕೊಂಡಿದ್ದ ಹಳೆಯ ಕಡತಗಳಲ್ಲೂ ತಾರೀಖು ಉಳಿದಿತ್ತು. ಬ್ಯಾಂಡಿನಲ್ಲಿರುವ ಎಲ್ಲರಿಗೂ ನಾನು ಹೇಳುವುದು ಇಷ್ಟೇ: ಇಂಥ ಪುಸ್ತಕವನ್ನು ಎಸೆಯಬೇಡಿ, ಮೊಬೈಲ್ ಬದಲಿಸುವಾಗ ಆ ಕಡತಗಳನ್ನು ತೆಗೆದಿಟ್ಟುಕೊಳ್ಳಿ.

ಇದು ಅಣ್ಣತಮ್ಮಂದಿರು ಹಿರಿಯರ ಆಸ್ತಿಯ ಪಾಲುಪಟ್ಟಿ ಮಾಡಿಕೊಂಡಂತೆಯೇ. ಸೌಹಾರ್ದ ಇರುವಾಗಲೇ ಬರೆದುಕೊಂಡರೆ ಒಂದು ಸಂಜೆಯ ಕೆಲಸ, ತಡಮಾಡಿದರೆ ಮುಂದಿನ ಪೀಳಿಗೆಯ ವ್ಯಾಜ್ಯ. ಪ್ರತಿ ಹಾಡಿಗೂ ಸಾಹಿತ್ಯದಲ್ಲಿ ಯಾರಿಗೆ ಎಷ್ಟು ಪಾಲು, ಸಂಗೀತದಲ್ಲಿ ಎಷ್ಟು ಎಂದು ಶೇಕಡಾವಾರು ಬರೆದು, ಆ ಹಾಡನ್ನು ನಾನು ಹೊಸದಾಗಿ ಮುದ್ರಿಸಲು ತಮ್ಮ ಆಕ್ಷೇಪವಿಲ್ಲ ಎಂಬ ಒಪ್ಪಿಗೆಯನ್ನೂ ಸೇರಿಸಿ ಕರಡು ತಯಾರಾಯಿತು. ಬೇಸ್ ಗೆಳೆಯನಿಗೆ ಕರೆ ಮಾಡುವ ಮೊದಲು ಎಷ್ಟೋ ಹೊತ್ತು ಮೊಬೈಲ್ ಹಿಡಿದು ಸುಮ್ಮನೆ ಕೂತಿದ್ದೆ. ಗೆಳೆತನದ ನಡುವೆ ಶೇಕಡಾ ಲೆಕ್ಕ ತರುವುದು ನನಗೆ ಬಹಳ ಕಷ್ಟವಾಯಿತು. ಅವನು ಪೂರ್ತಿ ಕೇಳಿಸಿಕೊಂಡು, “ಲೋ, ಆ ಚರಣ ನಂದೇ ಕಣೋ, ಅದು ಹಾಗೇ ಇರ್ಲಿ. ಉಳಿದಿದ್ದು ನಿಂದು. ಎಲ್ಲಿ ಸೈನ್ ಮಾಡ್ಬೇಕು ಹೇಳು,” ಎಂದ. ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಸಹಿ ಬರಲು ಮಾತ್ರ ತಡವಾಯಿತು. ಸ್ಕ್ಯಾನ್ ಪ್ರತಿ ಸಾಲದು, ಶಾಯಿಯ ಸಹಿ ಇರುವ ಮೂಲಪತ್ರವೇ ಬೇಕು ಎಂದು ಮೇಡಂ ಪಟ್ಟು ಹಿಡಿದರು. ಅವನು ಅಲ್ಲಿ ಸಹಿ ಹಾಕಿ ಕೊರಿಯರ್ ಮಾಡಿದ. ಹೊರದೇಶದಲ್ಲಿ ಬರೆದುಕೊಟ್ಟ ಪತ್ರ ನಿಮ್ಮ ಕೈಗೆ ಬರುವುದಿದ್ದರೆ ಒಂದು ವಿಷಯ ನೆನಪಿಡಿ: ಅದು ಮುದ್ರಾಂಕ ಶುಲ್ಕ ತೆರಬೇಕಾದ ಬಗೆಯ ಪತ್ರವಾಗಿದ್ದರೆ, ಕರ್ನಾಟಕಕ್ಕೆ ಬಂದು ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಶುಲ್ಕ ಕಟ್ಟಬೇಕು. ಕೊರಿಯರ್ ಲಕೋಟೆಯ ಮೇಲಿನ ತಾರೀಖೇ ಅದಕ್ಕೆ ಆಧಾರ, ಆದ್ದರಿಂದ ಲಕೋಟೆಯನ್ನೂ ಜೋಪಾನವಾಗಿಡಿ. ಮೈಸೂರಿನ ಗೆಳೆಯನದೂ, ಇನ್ನೊಬ್ಬನದೂ ಇ-ಸ್ಟ್ಯಾಂಪ್ ಕಾಗದದ ಮೇಲೆ ಸುಲಭವಾಗಿ ಮುಗಿದವು.

ಇಷ್ಟೆಲ್ಲ ಬೇಕೇ ಎಂದು ಮನೆಯವರು ಕೇಳಿದರು. ಬೇಕೆಂದು ನನಗೆ ಕಲಿಸಿದ್ದು ಬ್ಯಾಡ್‌ಫಿಂಗರ್ ತಂಡದ ದುರಂತ. ಪೀಟ್ ಹ್ಯಾಮ್ ಮತ್ತು ಟಾಮ್ ಎವನ್ಸ್ ಸೇರಿ ಬರೆದ ‘ವಿದೌಟ್ ಯೂ’ ಹಾಡನ್ನು ಹ್ಯಾರಿ ನಿಲ್ಸನ್ ಹಾಡಿ 1972ರಲ್ಲಿ ಮೊದಲ ಸ್ಥಾನಕ್ಕೆ ಒಯ್ದರು. ಲೋಕವೇ ಹಾಡಿದ ಆ ಹಾಡನ್ನು ಬರೆದ ಇಬ್ಬರೂ ಹಣಕಾಸಿನ ತೊಡಕಿನಲ್ಲಿ ನರಳಿ, ಹ್ಯಾಮ್ 1975ರಲ್ಲಿ, ಎವನ್ಸ್ 1983ರಲ್ಲಿ ತಮ್ಮ ಜೀವ ತಾವೇ ಕಳೆದುಕೊಂಡರು. ತಂಡದ ಹಣ ಎಲ್ಲಿದೆ, ಹಾಡಿನ ರಾಯಧನ ಯಾರಿಗೆ ಎಷ್ಟು ಎಂಬ ವಿವಾದ ಅವರನ್ನು ಕಡೆಯವರೆಗೂ ಬಿಡಲಿಲ್ಲ. ಆ ಮಟ್ಟುಗಳನ್ನು ಕೇಳುತ್ತ ಬೆಳೆದ ನನಗೆ ಒಂದು ಸಹಿಗಾಗಿ ಕಾಯುವುದು ದೊಡ್ಡ ಶ್ರಮವೆನಿಸಲಿಲ್ಲ.

ನಿಜವಾದ ಅಡ್ಡಿ ಎದುರಾದದ್ದು ಹಳೆಯ ಲೇಬಲ್‌ನಿಂದ. ನಾನು ಬ್ಯಾಂಡಿನ ಪಲ್ಲವಿಯನ್ನು ಹೊಸ ಹಾಡಿನಲ್ಲಿ ಬಳಸುತ್ತಿದ್ದೇನೆ ಎಂದು ತಿಳಿಸಿ ಪತ್ರ ಬರೆದಾಗ, ಸಾಹಿತ್ಯ ಮತ್ತು ಸಂಗೀತದ ಹಕ್ಕೂ ತಮ್ಮದೇ, ಬಳಸುವುದಾದರೆ ಹಣ ಕಟ್ಟಿ ಅನುಮತಿ ಪಡೆಯಬೇಕು ಎಂಬ ಉತ್ತರ ಬಂತು. ಅವರು ಕೇಳಿದ ಮೊತ್ತ ನನ್ನ ಇಡೀ ಆಲ್ಬಮ್‌ನ ಖರ್ಚಿಗೆ ಸಮವಾಗಿತ್ತು. ಉತ್ತರ ಓದಿ ಕೈ ತಣ್ಣಗಾಯಿತು. ನಾವು ಸಹಿ ಹಾಕಿದ್ದ ಎರಡು ಪುಟದ ಕರಾರನ್ನು ಮೇಡಂ ಮುಂದಿಟ್ಟೆ. ಅವರು ಅದನ್ನು ಎರಡು ಸಲ ನಿಧಾನವಾಗಿ ಓದಿ, “ಎಷ್ಟು ವರ್ಷಕ್ಕೆ ಅಂತ ಎಲ್ಲೂ ಬರೆದಿಲ್ಲವಲ್ಲ!” ಎಂದರು. ಹಕ್ಕುಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಹಕ್ಕನ್ನು ವಹಿಸಿಕೊಡುವ ಪತ್ರದಲ್ಲಿ ಅವಧಿ ನಮೂದಿಸಿರದಿದ್ದರೆ ಅದನ್ನು ಐದು ವರ್ಷವೆಂದು ಎಣಿಸಬೇಕು. ಪ್ರದೇಶ ನಮೂದಿಸಿರದಿದ್ದರೆ ಭಾರತದೊಳಗೆ ಮಾತ್ರ ಎಂದು ಭಾವಿಸಬೇಕು. ನಮ್ಮ ಕರಾರಿಗೆ ಐದು ವರ್ಷ ಕಳೆದಿತ್ತು. ಮೇಡಂ ಈ ಕಲಮನ್ನು ಉಲ್ಲೇಖಿಸಿ ನೋಟಿಸ್ ಕಳಿಸಿದರು. ಬಹಳ ವಾರಗಳ ಮೌನದ ನಂತರ, ಹಳೆಯ ಧ್ವನಿಮುದ್ರಿಕೆ ಮಾತ್ರ ತಮ್ಮದು, ಹಾಡಿನ ರಚನೆಯ ಬಗ್ಗೆ ತಕರಾರಿಲ್ಲ ಎಂಬ ಎರಡು ಸಾಲಿನ ಪತ್ರ ಬಂತು. ನಿಮ್ಮ ಬಳಿ ಹಳೆಯ ಕರಾರಿದ್ದರೆ ಮೊದಲು ಅವಧಿ ಮತ್ತು ಪ್ರದೇಶದ ಸಾಲುಗಳನ್ನು ಹುಡುಕಿ. ‘ಶಾಶ್ವತವಾಗಿ’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಈ ದಾರಿ ತೆರೆಯುವುದಿಲ್ಲ. ಆಗಲೂ ಧೈರ್ಯಗೆಡಬೇಕಿಲ್ಲ. 2012ರ ತಿದ್ದುಪಡಿಯ ನಂತರ ಸಾಹಿತ್ಯ ಮತ್ತು ಸಂಗೀತ ರಚಿಸಿದವರು ರಾಯಧನದಲ್ಲಿ ತಮಗೆ ಸಲ್ಲುವ ಸಮಪಾಲನ್ನು ವಾರಸುದಾರರಿಗೆ ಇಲ್ಲವೇ ರಾಯಧನ ಸಂಗ್ರಹಿಸುವ ಸೊಸೈಟಿಗೆ ಹೊರತು ಇನ್ನಾರಿಗೂ ಬಿಟ್ಟುಕೊಡುವಂತಿಲ್ಲ, ಬಿಟ್ಟುಕೊಟ್ಟೆವೆಂದು ಬರೆದಿದ್ದರೂ ಅದು ನಿಲ್ಲುವುದಿಲ್ಲ.

ಕವರ್, ಅಂದರೆ ಹಳೆಯ ಹಾಡನ್ನೇ ಮತ್ತೆ ಹಾಡಿ ಮುದ್ರಿಸುವುದನ್ನು, ಮಾಡಿಬಿಡಬಹುದಲ್ಲ ಎಂದು ಸಲಹೆ ಕೊಟ್ಟವರಿದ್ದರು. ಅದಕ್ಕೆ 31ಸಿ ಕಲಮಿದೆ. ಮೊದಲ ಮುದ್ರಣವಾದ ವರ್ಷ ಮುಗಿದ ಮೇಲೆ ಐದು ವರ್ಷ ಕಾಯಬೇಕು, ಮುಂಚಿತವಾಗಿ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು, ಹಾಡನ್ನು ಬದಲಿಸಲೂ ಬಾರದು. ಪಲ್ಲವಿಯನ್ನು ಕಿತ್ತು ಹೊಸ ಹಾಡಿಗೆ ಕೂಡಿಸಬೇಕೆಂದಿದ್ದ ನನಗೆ ಅದು ಹೊಂದುವಂತಿರಲಿಲ್ಲ.

ಇನ್ನು ಶರೀಫರ ಸಾಲುಗಳು. ಶರೀಫರು 1889ರಲ್ಲಿ ಕಾಲವಾದವರು, ಆದ್ದರಿಂದ ಅವರ ಪದಗಳ ಸಾಹಿತ್ಯ ನಮ್ಮೆಲ್ಲರದು. ಆದರೆ ನನ್ನ ಕಿವಿಯಲ್ಲಿ ಕೂತಿದ್ದ ಮಟ್ಟು ಸಿ. ಅಶ್ವಥ್ ಅವರದು. ಅವರು ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ. ಹಾಗಾಗಿ ಅವರ ಸಂಯೋಜನೆಯ ಹಕ್ಕು 2069ರ ಕೊನೆಯವರೆಗೂ ಇರುತ್ತದೆ. ಕಾರ್ಮೆನ್ ಎದುರಿಸಿದ ಪ್ರಶ್ನೆಯೇ ನನ್ನ ಮುಂದೆ ಧಾರವಾಡದ ದಾರಿಯಿಂದ ಬಂದು ನಿಂತಿತ್ತು. ದೇವರನಾಮಗಳ ವಿಷಯದಲ್ಲೂ ಹೀಗೆಯೇ ಎಚ್ಚರ ಬೇಕು: ಪುರಂದರದಾಸರ ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಡ, ಆದರೆ ಈಗ ಬಳಕೆಯಲ್ಲಿರುವ ಎಷ್ಟೋ ಮಟ್ಟುಗಳು ಇಪ್ಪತ್ತನೆಯ ಶತಮಾನದ ಸಂಗೀತಗಾರರು ಕೂಡಿಸಿದವು. ಭಾವಗೀತೆಗಳಲ್ಲಂತೂ ಸಾಹಿತ್ಯಕ್ಕೇ ಅನುಮತಿ ಬೇಕು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಕುವೆಂಪು ಅವರು 1994ರಲ್ಲಿ. ಅರವತ್ತು ವರ್ಷ ಕೂಡಿಸಿ ನೋಡಿ. ನಾನು ಶರೀಫರ ಸಾಲುಗಳನ್ನು ಉಳಿಸಿಕೊಂಡು ಮಟ್ಟನ್ನು ಪೂರ್ತಿ ಬಿಟ್ಟೆ. ಕೇಳಿದ ಮಟ್ಟು ಮನಸ್ಸಿನಿಂದ ಇಳಿಯಲು ಹಲವು ವಾರ ಬೇಕಾಯಿತು. ಕೊನೆಗೆ ಗಿಟಾರ್‌ನ ಎರಡೇ ಕಾರ್ಡುಗಳ ಮೇಲೆ ಆ ಸಾಲುಗಳನ್ನು ಬರಿದೆ ಮಾತಿನಂತೆ ಹೇಳುತ್ತ ಹೋದಾಗ ಹೊಸ ಮಟ್ಟು ಹುಟ್ಟಿತು. ಆಲ್ಬಮ್‌ನಲ್ಲಿ ನನಗೆ ಅತಿ ಪ್ರಿಯವಾದ ಭಾಗ ಅದೇ.

ಮುದ್ರಣದ ಖರ್ಚಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸ್ಟುಡಿಯೋಗೆ ಗಂಟೆಗೆ ಸಾವಿರ ರೂಪಾಯಿಯ ಆಸುಪಾಸು ಕೊಟ್ಟೆ, ಮಿಕ್ಸಿಂಗ್ ಮತ್ತು ಮಾಸ್ಟರಿಂಗ್‌ಗೆ ಹಾಡಿನ ಲೆಕ್ಕ. ಡ್ರಮ್ಸ್ ಮುದ್ರಣಕ್ಕೇ ಹೆಚ್ಚು ಹಣ ಹೋಯಿತು, ಏಕೆಂದರೆ ಪವರ್ ಪಾಪ್‌ನಲ್ಲಿ ಡ್ರಮ್ಸ್ ಪೆಟ್ಟಿಗೆಯೊಳಗಿಂದ ಬಂದಂತೆ ಕೇಳಿದರೆ ಹಾಡೇ ಸತ್ತುಹೋಗುತ್ತದೆ. ಬ್ಯಾಂಡಿನಲ್ಲಿ ಮೂವರು ಹಾಡುತ್ತಿದ್ದ ಹಾರ್ಮನಿಗಳನ್ನು ಈಗ ನಾನೊಬ್ಬನೇ ಮೂರು ಪದರಗಳಲ್ಲಿ ಹಾಡಬೇಕಿತ್ತು. ಹೆಡ್‌ಫೋನಿನಲ್ಲಿ ಕೇಳಿದಾಗ ಮೂರೂ ಕಡೆಯಿಂದ ನನ್ನದೇ ಕಂಠ. ಆ ಗಳಿಗೆ ಗೆಳೆಯರಿಲ್ಲದ ಕೊರತೆ ತುಂಬ ಬಾಧಿಸಿತು. ಮೈಸೂರಿನ ಗೆಳೆಯನನ್ನು ಒಂದು ಭಾನುವಾರ ಕರೆಸಿಕೊಂಡು ಕೆಳಸ್ಥಾಯಿಯ ದನಿಯನ್ನು ಅವನಿಂದಲೇ ಹಾಡಿಸಿದೆ. ಹಾಡುವವರು, ನುಡಿಸುವವರು ಯಾರೇ ಇರಲಿ, ಅವರಿಂದ ಅಂದೇ ಒಪ್ಪಿಗೆಪತ್ರಕ್ಕೆ ಸಹಿ ಪಡೆಯುವುದು ಒಳ್ಳೆಯದು. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಪ್ರತ್ಯೇಕ ಹಕ್ಕಿದೆ.

ಹಕ್ಕುಸ್ವಾಮ್ಯ ಹಾಡು ರಚನೆಯಾದೊಡನೆ ತಾನಾಗಿಯೇ ಬರುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಲೇಬಲ್‌ನ ಪತ್ರ ಕಂಡ ಮೇಲೆ ಬ್ಯಾಂಡಿನ ಸಂಬಂಧವಿರುವ ಎರಡು ಹಾಡುಗಳನ್ನು ನೋಂದಾಯಿಸಲೇಬೇಕೆಂದು ತೀರ್ಮಾನಿಸಿದೆ. ಅರ್ಜಿ 14ನೆಯ ನಮೂನೆಯಲ್ಲಿ, ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಸಾಹಿತ್ಯಕ್ಕೆ 500 ರೂಪಾಯಿ, ಸಂಗೀತಕ್ಕೆ 500, ಧ್ವನಿಮುದ್ರಿಕೆಗೆ 2,000. ಮೂರನ್ನೂ ಮಾಡಿಸಿದರೆ ಒಂದು ಹಾಡಿಗೆ 3,000 ರೂಪಾಯಿ. ಡೈರಿ ಸಂಖ್ಯೆ (ಅರ್ಜಿಯ ಗುರುತಿನ ಸಂಖ್ಯೆ) ಸಿಕ್ಕ ಮೇಲೆ ಯಾರಾದರೂ ಆಕ್ಷೇಪ ಸಲ್ಲಿಸಬಹುದೆಂದು 30 ದಿನ ಕಾಯುತ್ತಾರೆ, ಆಮೇಲೆ ಪರಿಶೀಲನೆ. ನನ್ನ ಒಂದು ಅರ್ಜಿಗೆ ಸಹಲೇಖಕರ ಒಪ್ಪಿಗೆ ಸ್ಪಷ್ಟವಾಗಿಲ್ಲ ಎಂಬ ಪತ್ರ ಬಂತು. ಗೆಳೆಯನ ಹೆಸರು ಒಪ್ಪಿಗೆಪತ್ರದಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಸೇರಿ ಇನ್ನೊಂದು ರೀತಿ ಇದ್ದದ್ದೇ ಕಾರಣ. ಎರಡೂ ಒಬ್ಬರದೇ ಎಂದು ದೃಢೀಕರಿಸುವ ಪತ್ರ ಮತ್ತೆ ಜರ್ಮನಿಯಿಂದ ಬರಬೇಕಾಯಿತು. ಇನಿಷಿಯಲ್ ಬಳಸುವ ನಮ್ಮ ಕಡೆಯವರಿಗೆ ಇದು ಪದೇ ಪದೇ ಎದುರಾಗುವ ತೊಂದರೆ. ಮೊದಲ ಕರಡಿನಲ್ಲೇ ಪ್ಯಾನ್ ಕಾರ್ಡಿನಲ್ಲಿರುವಂತೆ ಪೂರ್ಣ ಹೆಸರು ಬರೆಸಿ.

ನಡುವೆ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸದಸ್ಯತ್ವಕ್ಕೂ ಅರ್ಜಿ ಹಾಕಿದೆ. 1969ರಲ್ಲಿ ಆರಂಭವಾದ ಈ ಸೊಸೈಟಿ ಗೀತರಚನೆಕಾರರು ಮತ್ತು ಸಂಗೀತ ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸುತ್ತದೆ. ಪ್ಯಾನ್, ವಿಳಾಸದ ದಾಖಲೆ, ರದ್ದು ಮಾಡಿದ ಚೆಕ್, ಭಾವಚಿತ್ರ, ಪ್ರಕಟವಾದ ಹಾಡಿನ ವಿವರ ಕೇಳುತ್ತಾರೆ. ನಾನು ಸಾಹಿತ್ಯವನ್ನೂ ಬರೆಯುವುದರಿಂದ ಎರಡೂ ವರ್ಗಗಳಲ್ಲಿ ಸೇರಿದೆ. ಹಾಡುಗಳನ್ನು ದಾಖಲಿಸುವಾಗ ಗೆಳೆಯರೊಂದಿಗೆ ಒಪ್ಪಿಕೊಂಡ ಶೇಕಡಾ ಲೆಕ್ಕವನ್ನೇ ಕೊಡಬೇಕು. ಒಟ್ಟು ನೂರಾಗದಿದ್ದರೆ, ಅಥವಾ ಇಬ್ಬರು ಬೇರೆ ಬೇರೆ ಲೆಕ್ಕ ಕೊಟ್ಟರೆ ತಕರಾರು ಗ್ಯಾರಂಟಿ.

ಬಿಡುಗಡೆಗೆ ಮುನ್ನ ಪ್ರತಿ ಮುದ್ರಿಕೆಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಬೇಕು. ಭಾರತದಲ್ಲಿ ಇದರ ಹೊಣೆ ಐಎಂಐ (ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ) ಸಂಸ್ಥೆಯದು, ಹಾಡುಗಳನ್ನು ಆನ್‌ಲೈನ್ ತಾಣಗಳಿಗೆ ತಲುಪಿಸುವ ವಿತರಕರೂ ತಮ್ಮ ಕಡೆಯಿಂದ ಕೊಡುತ್ತಾರೆ. ಆ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಮುಂದೆ ವಿತರಕರನ್ನು ಬದಲಿಸಿದರೂ ಅದೇ ಮುದ್ರಿಕೆಗೆ ಅದೇ ಸಂಖ್ಯೆ ಬಳಸಬೇಕು, ಇಲ್ಲವಾದರೆ ಕೇಳುಗರ ಎಣಿಕೆ ಕೈತಪ್ಪುವ ಭಯವಿರುತ್ತದೆ. ಬಿಡುಗಡೆಯ ದಿನಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ಎಲ್ಲವನ್ನೂ ಒಪ್ಪಿಸಿ. ನನ್ನ ಹಾಡುಗಳು ಮೊದಲು ನನ್ನದೇ ಹೆಸರಿನ ಬೇರೊಬ್ಬ ಗಾಯಕರ ಪುಟಕ್ಕೆ ಹೋಗಿ ಕೂತಿದ್ದವು. ಸಮಯವಿದ್ದುದರಿಂದ ಸರಿಪಡಿಸಲಾಯಿತು.

ಬಿಡುಗಡೆಯಾದ ಬೆಳಗ್ಗೆ, ಹಳೆಯ ಪಲ್ಲವಿ ಇರುವ ಹಾಡಿನ ವಿಡಿಯೊ ಮೇಲೆ ಹಕ್ಕಿನ ಸ್ವಯಂಚಾಲಿತ ತಕರಾರು ಬಂತು. ಲೇಬಲ್‌ನವರು ಬ್ಯಾಂಡಿನ ಮುದ್ರಿಕೆಯನ್ನು ವಿಡಿಯೊ ತಾಣದ, ಹಾಡುಗಳನ್ನು ತಾನಾಗಿ ಹೋಲಿಸಿ ನೋಡುವ ಗುರುತಿನ ವ್ಯವಸ್ಥೆಗೆ ಸೇರಿಸಿದ್ದರಿಂದ, ಹೊಸದಾಗಿ ಹಾಡಿದ ಮಟ್ಟನ್ನೂ ಅದು ಹಳೆಯದೆಂದೇ ಓದಿತ್ತು. ಆ ಎರಡು ಸಾಲಿನ ಪತ್ರ, ಗೆಳೆಯರ ಒಪ್ಪಿಗೆ, ಸ್ಟುಡಿಯೋ ರಸೀದಿ ಇವುಗಳ ಆಧಾರದಲ್ಲಿ ಪ್ರತಿವಾದ ಸಲ್ಲಿಸಿದೆ. ಉತ್ತರಿಸಲು ಎದುರಿನವರಿಗೆ 30 ದಿನ ಅವಕಾಶ. ಅವರು ಉತ್ತರಿಸಲಿಲ್ಲ, ತಕರಾರು ತಾನಾಗಿ ಬಿದ್ದುಹೋಯಿತು. ಅಲ್ಲಿಯವರೆಗೂ ದಿನಕ್ಕೆ ಹಲವು ಸಲ ಆ ಪುಟ ತೆರೆದು ನೋಡುತ್ತಿದ್ದೆ.

ಈಗ ಕಾರ್ಯಕ್ರಮಗಳು ಶುರುವಾಗಿವೆ. ವೇದಿಕೆಯಲ್ಲಿ ಸ್ವಂತ ಹಾಡನ್ನೇ ಹಾಡಿದರೂ, ಆ ಹಕ್ಕನ್ನು ಸೊಸೈಟಿಗೆ ವಹಿಸಿರುವುದರಿಂದ ಆಯೋಜಕರು ಪರವಾನಗಿ ಪಡೆದಿರಬೇಕು. ಅದನ್ನು ದಿನ ಗೊತ್ತುಮಾಡುವಾಗಲೇ ಕೇಳಿಕೊಳ್ಳಿ. ಮುಗಿದ ಮೇಲೆ ಹಾಡಿದ ಹಾಡುಗಳ ಪಟ್ಟಿಯನ್ನು, ಬರೆದವರ ಹೆಸರುಗಳೊಂದಿಗೆ, ಕಳಿಸಬೇಕು. ಕಳೆದ ವಾರದ ಪಟ್ಟಿಯಲ್ಲಿ ಬೇಸ್ ಗೆಳೆಯನ ಹೆಸರೂ ಇತ್ತು. ಅವನು ಇನ್ನೂ ಸದಸ್ಯನಾಗಿಲ್ಲ, ಅರ್ಜಿಗೆ ಬೇಕಾದ ರದ್ದು ಮಾಡಿದ ಚೆಕ್ಕನ್ನು ಇಲ್ಲಿನ ಖಾತೆಯದೇ ಕಳಿಸುವಂತೆ ನಿನ್ನೆ ಹೇಳಿದ್ದೇನೆ.